ಮೂರು ನಿಮಿಷದ ನೀರು

ನನ್ನ ಕೆಲಸ ನೀರು ಪರೀಕ್ಷೆ. ಹೀಗೆಂದ ಕೂಡಲೇ ಜನ ನನ್ನನ್ನು ಯಾವುದೋ ದೊಡ್ಡ ವಿಜ್ಞಾನಿ ಅಂದುಕೊಂಡು ಕುರ್ಚಿ ಕೊಡುತ್ತಾರೆ, ಆದ್ದರಿಂದ ಬಿಡಿಸಿ ಹೇಳಿಬಿಡುತ್ತೇನೆ. ಹೆಗಲಿಗೆ ಐಸ್ ಪೆಟ್ಟಿಗೆ ಹಾಕಿಕೊಂಡು ಊರಿನ ಹನ್ನೊಂದು ನಲ್ಲಿಗಳಿಗೆ ಹೋಗುವುದು, ಪರೀಕ್ಷೆಯ ಪುಡಿ ಹಾಕಿಟ್ಟ ಸೀಸೆಗೆ ನೀರು ಹಿಡಿಯುವುದು, ತಂದು ಲ್ಯಾಬಿನ ಬೆಚ್ಚನೆ ಪೆಟ್ಟಿಗೆಯಲ್ಲಿ ಒಂದು ದಿನ ಇಡುವುದು, ಮರುದಿನ ನೋಡುವುದು. ಸೀಸೆ ಇಟ್ಟ ಹಾಗೇ ಇದ್ದರೆ ನೀರು ಒಳ್ಳೆಯದು. ಕಪ್ಪಾದರೆ ನೀರಿಗೆ ಚರಂಡಿ ಸೇರಿದೆ, ರೋಗದ ಬ್ಯಾಕ್ಟೀರಿಯಾ ಬಂದಿರಬಹುದು ಎಂದರ್ಥ. ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಅಷ್ಟು ವರ್ಷದಲ್ಲಿ ನನ್ನ ಸೀಸೆ ಕಪ್ಪಾದದ್ದು ನಾಲ್ಕೋ ಐದೋ ಸಲ. ಅದೇನೋ ನನ್ನದೇ ಹೆಚ್ಚುಗಾರಿಕೆ ಎಂಬಂತೆ ಹೇಳಿಕೊಂಡು ತಿರುಗಿದವಳೂ ನಾನೇ.

ನೀರು ಹಿಡಿಯುವುದಕ್ಕೂ ಒಂದು ಕ್ರಮವಿದೆ. ಮೊದಲು ನಲ್ಲಿಯ ಬಾಯಿ ಒರೆಸಬೇಕು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಗೆ ಬೆಂಕಿ ಹಚ್ಚಿ ಆ ಬಾಯಿಯನ್ನು ಚೆನ್ನಾಗಿ ಸುಡಬೇಕು. ಆಮೇಲೆ ಮೂರು ನಿಮಿಷ ನೀರನ್ನು ಸುಮ್ಮನೆ ಹರಿಯಲು ಬಿಟ್ಟು, ನಂತರ ಬರುವ ನೀರನ್ನು ಸೀಸೆಗೆ ಹಿಡಿಯಬೇಕು. ನಮಗೆ ಬೇಕಾದದ್ದು ದೊಡ್ಡ ಪೈಪಿನ ನೀರಿನ ಸಂಗತಿ, ನಲ್ಲಿಯ ಮೂತಿಯಲ್ಲಿ ಕೂತ ಕೊಳೆಯ ಸಂಗತಿಯಲ್ಲ. ನಿಯಮದ ಪುಸ್ತಕದಲ್ಲಿ ಹೀಗಿದೆ. ಕೆಲಸಕ್ಕೆ ಸೇರಿದ ದಿನ ನನಗೆ ಹೀಗೇ ಹೇಳಿಕೊಟ್ಟರು, ಆಮೇಲೆ ಬಂದವರಿಗೆ ನಾನೂ ಹೀಗೇ ಹೇಳಿಕೊಟ್ಟೆ. ಎರಡೂವರೆ ನಿಮಿಷಕ್ಕೇ ಸೀಸೆ ಹಿಡಿದ ಹೊಸಬಳೊಬ್ಬಳನ್ನು ಅವಳ ಕಣ್ಣಲ್ಲಿ ನೀರು ಬರುವಷ್ಟು ಬೈದಿದ್ದೆ.

ಹನ್ನೊಂದರಲ್ಲಿ ಏಳನೆಯ ನಲ್ಲಿ ನನ್ನ ಅಕ್ಕನ ಬೀದಿಯದು. ಅಮ್ಮ ಹೋದಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನೆಂಟು. ನನ್ನ ತಲೆ ಬಾಚಿದ್ದು, ನನ್ನ ಫೀಸು ಕಟ್ಟಿದ್ದು, ನನಗೆ ಜ್ವರ ಬಂದರೆ ರಜೆ ಹಾಕಿ ಕೂತದ್ದು ಎಲ್ಲ ಅವಳೇ. ಅವಳು ಮದುವೆಯಾಗಿ ಹೊರಟಾಗ ನನ್ನನ್ನೂ ಸಾಮಾನಿನ ಜೊತೆ ಕಟ್ಟಿಕೊಂಡೇ ಹೋದಳು. ಭಾವ ಗಡಿಯಾರ ರಿಪೇರಿ ಮಾಡುವವರು. ಮಾತು ಕಮ್ಮಿ. ಮದುವೆಯಾದ ಮನೆಗೆ ಏಳು ವರ್ಷದ ನಾದಿನಿ ಬಂದು ಕೂತರೂ ಅವರು ಹುಬ್ಬು ಗಂಟಿಕ್ಕಲಿಲ್ಲ. ಅವರಿಗೆ ಮಕ್ಕಳಾಗಲಿಲ್ಲ. ಆ ಜಾಗದಲ್ಲಿ ನಾನು ಚಕ್ಕಳಮಕ್ಕಳ ಹಾಕಿಕೊಂಡು ಕೂತುಬಿಟ್ಟೆ, ಕೆಲಸ ಸಿಕ್ಕಿ ಬೇರೆ ಮನೆ ಮಾಡುವವರೆಗೆ.

ಆ ಬೀದಿಗೆ ನೀರು ಬರುವುದು ಮಂಗಳವಾರ, ಗುರುವಾರ, ಶನಿವಾರ. ಬೆಳಿಗ್ಗೆ ಆರೂವರೆಯಿಂದ ಎಂಟು. ಉಳಿದ ಹೊತ್ತು ಪೈಪು ಖಾಲಿ. ಮೂವತ್ತು ಮನೆಗೆ ಒಂದೇ ಹಿತ್ತಾಳೆಯ ನಲ್ಲಿ, ಗೋಡೆಯಿಂದ ಮೂಗಿನ ಹಾಗೆ ಹೊರಗೆ ಬಂದಿರುವಂಥದು. ಅಲ್ಲಿ ಅಕ್ಕನ ಕೊಡ ಯಾವಾಗಲೂ ಮೊದಲನೆಯದು. ಅರವತ್ತೆರಡು ವರ್ಷ ವಯಸ್ಸಾಗಿದ್ದರೂ ಐದೂವರೆಗೆಲ್ಲ ಹೋಗಿ ಕೂತಿರುತ್ತಿದ್ದಳು. ಬೀದಿಯವರು ಅವಳಿಗೆ ಫಸ್ಟ್ ರ‍್ಯಾಂಕ್ ಎಂದು ಹೆಸರಿಟ್ಟಿದ್ದರು. ‘ಶಾಲೇಲಿ ಬರಲಿಲ್ಲ, ಇಲ್ಲಾದ್ರೂ ಬರಲಿ ಬಿಡ್ರೇ’ ಎಂದು ಅವಳೂ ನಗುತ್ತಿದ್ದಳು.

ಮಂಗಳವಾರ ನಾನು ಹೋದರೆ ಬೀದಿಗೆ ಒಂದು ತಮಾಷೆ. ‘ಬಂದಳಪ್ಪ, ನಲ್ಲಿಗೆ ಸಿಗರೇಟು ಹಚ್ಚೋಳು’ ಎಂದು ಯಾರಾದರೂ ಒಬ್ಬರು ಅನ್ನಲೇಬೇಕು. ಬೆಂಕಿ ಹಚ್ಚುವುದಕ್ಕೆ ಯಾರದೂ ತಕರಾರಿಲ್ಲ, ಮೂರು ನಿಮಿಷ ನೀರು ಬಿಡುವುದಕ್ಕೆ ಮಾತ್ರ ಪ್ರತಿವಾರ ಜಗಳ. ದಿನ ಬಿಟ್ಟು ದಿನ ಒಂದೂವರೆ ಗಂಟೆ ಬರುವ ನೀರನ್ನು ಕಣ್ಣೆದುರೇ ಚರಂಡಿಗೆ ಬಿಟ್ಟರೆ ಯಾರ ಹೊಟ್ಟೆ ಉರಿಯುವುದಿಲ್ಲ? ಕೊನೆಗೆ ಅಕ್ಕನೇ ದಾರಿ ಹುಡುಕಿದಳು. ನೀರು ಬಂದ ಕ್ಷಣ ನಾನು ನಲ್ಲಿ ಬಿಡುವುದು, ಅಕ್ಕ ತನ್ನ ಕೊಡ ಅದರ ಕೆಳಗೆ ಇಡುವುದು. ಮೂರು ನಿಮಿಷಕ್ಕೆ ಅವಳ ಎರಡು ಕೊಡ ತುಂಬುತ್ತಿತ್ತು, ಒಂದು ಮನೆಗೆ, ಇನ್ನೊಂದು ಸಾಲಿಗೆ ಬರಲಾಗದ ಅಕ್ಕಪಕ್ಕದವರಿಗೆ. ಮೂರನೆಯ ಕೊಡ ಇಡುವ ಮೊದಲು ನನ್ನ ಸೀಸೆ. ‘ನೋಡ್ರೇ, ನನ್ನ ತಂಗಿ ಒಂದು ತೊಟ್ಟೂ ದಂಡ ಮಾಡಲ್ಲ’ ಎಂದು ಅಕ್ಕ ಸೊಂಟಕ್ಕೆ ಕೊಡ ಏರಿಸಿಕೊಂಡು ಹೊರಡುತ್ತಿದ್ದಳು. ನನಗೂ ಹಾಯೆನಿಸಿತು. ಜಗಳ ತಪ್ಪಿತು, ನಿಯಮವೂ ಉಳಿಯಿತು.

ಅವಳು ಮೊದಲೆಲ್ಲ ನೀರು ಕುದಿಸಿ ಕುಡಿಯುತ್ತಿದ್ದಳು. ಅದನ್ನು ಬಿಡಿಸಿದವಳು ನಾನು. ‘ಹನ್ನೊಂದು ನಲ್ಲೀಲಿ ಒಂದು ನಿನ್ನ ಮನೆ ಮುಂದೇನೇ ಇದೆ. ವಾರ ವಾರ ನಾನೇ ಬಂದು ನೋಡ್ತೀನಿ. ಇನ್ನೂ ಕುದಿಸ್ತೀನಿ ಅಂದ್ರೆ ನನ್ನ ಮೇಲೆ ನಂಬಿಕೆ ಇಲ್ಲ ಅಂತ ತಾನೇ?’ ಎಂದು ಮುಖ ಊದಿಸಿಕೊಂಡಿದ್ದೆ. ಅಕ್ಕ ಅವತ್ತೇ ಕುದಿಸುವ ಪಾತ್ರೆಯನ್ನು ಅಟ್ಟಕ್ಕೆ ಹಾಕಿದಳು. ಅಷ್ಟೇ ಮಾಡಿ ಸುಮ್ಮನಾಗಲಿಲ್ಲ, ಬೀದಿಗೆಲ್ಲ ಡಂಗುರ ಹೊಡೆದಳು. ನಮ್ಮ ಬೀದಿ ನೀರು ನನ್ನ ತಂಗಿ ಕೈಯಲ್ಲಿ ಪಾಸಾಗಿದೆ, ಕುದಿಸೋದೆಲ್ಲ ಯಾಕೆ ಅಂತ.

ಹಿಂದಿನ ವಾರ ಆ ಬೀದಿಯಲ್ಲಿ ಯಾವುದೋ ಕೇಬಲ್ಲಿಗೆಂದು ರಸ್ತೆ ಅಗೆದು ಮುಚ್ಚಿದ್ದರು. ಮಂಗಳವಾರ ಹೋದಾಗ ನಾನದನ್ನು ನೋಡಿದೆ. ಮಣ್ಣಿನ ಗುಡ್ಡೆ ದಾಟುವಾಗ ಚಪ್ಪಲಿ ಕೆಸರಾಯಿತೆಂದು ಅಗೆದವರ ವಂಶಕ್ಕೆಲ್ಲ ಬೈದೆ. ಅದಕ್ಕಿಂತ ಹೆಚ್ಚು ಏನೂ ಯೋಚಿಸಲಿಲ್ಲ. ನಲ್ಲಿ ಸುಟ್ಟೆ. ನೀರು ಬಂತು. ಅಕ್ಕ ಕೊಡ ಇಟ್ಟಳು, ನಾನು ಗಡಿಯಾರ ನೋಡುತ್ತ ನಿಂತೆ. ಮೂರು ನಿಮಿಷಕ್ಕೆ ಸೀಸೆ ಹಿಡಿದೆ. ಚಿಕ್ಕ ಗಾಜಿನ ನಳಿಗೆಯಲ್ಲೂ ಒಂದಿಷ್ಟು ಹಿಡಿದು ಔಷಧಿಯ ಹನಿ ಬಿಟ್ಟೆ. ನೀರಿನಲ್ಲಿ ಕ್ಲೋರಿನ್ ಇದ್ದರೆ ಅದು ಹಳದಿಯಾಗುತ್ತದೆ, ಕ್ಲೋರಿನ್ ಇದ್ದರೆ ಬ್ಯಾಕ್ಟೀರಿಯಾ ಬದುಕುವುದಿಲ್ಲ. ಚೆನ್ನಾಗಿ ಹಳದಿ ಬಂತು. ಬುಧವಾರ ಸೀಸೆಯೂ ಇಟ್ಟ ಹಾಗೇ ಇತ್ತು. ‘ಕುಡಿಯಲು ಯೋಗ್ಯ’ ಎಂದು ಬರೆದು ಸಹಿ ಹಾಕಿ ಇಂಜಿನಿಯರ ಮೇಜಿಗೆ ಕಳಿಸಿದೆ.

ಆ ಮಧ್ಯಾಹ್ನವೇ ಇಂಜಿನಿಯರು ನನ್ನನ್ನು ಕರೆದರು. ಏಳನೇ ನಲ್ಲಿಯ ಬೀದಿಯಿಂದ ಮೂವರು ವಾಂತಿ ಭೇದಿಯೆಂದು ದೊಡ್ಡಾಸ್ಪತ್ರೆಗೆ ಸೇರಿದ್ದಾರೆ, ಆಸ್ಪತ್ರೆಯವರು ನೀರಿನ ಬಗ್ಗೆ ಕೇಳುತ್ತಿದ್ದಾರೆ ಎಂದರು.

‘ನೀರಲ್ಲಿ ಏನಿಲ್ಲ ಸಾರ್’ ಅಂದೆ. ‘ನಿನ್ನೆ ನಾನೇ ಹಿಡಿದಿದ್ದು, ಇವತ್ತು ನಾನೇ ನೋಡಿದ್ದು. ಏನು ತಿಂದ್ರೋ ಅದನ್ನ ಕೇಳೋಕೆ ಹೇಳಿ.’

‘ಖಂಡಿತಾನಾ?’

‘ಬರೆದುಕೊಟ್ಟಿದ್ದೀನಲ್ಲ ಸಾರ್.’

ಅವರು ನನ್ನೆದುರೇ ಆಸ್ಪತ್ರೆಗೆ ಫೋನ್ ಮಾಡಿ ನೀರು ಸರಿಯಿದೆ ಎಂದು ಹೇಳಿದರು. ಆದರೂ ಗುರುವಾರ ಇನ್ನೊಂದು ಸಲ ಹಿಡಿದು ತರಲು ನನಗೆ ಹೇಳಿದರು. ನನಗೆ ಒಳಗೊಳಗೇ ಸಿಟ್ಟು, ಇಪ್ಪತ್ತೆರಡು ವರ್ಷದವಳ ಮಾತು ಸಾಲದೇ ಎಂದು.

ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ‘ನಿಮ್ಮ ಬೀದೀಲಿ ಯಾರಿಗೋ ಹುಷಾರಿಲ್ವಂತೆ. ನೀನು ಹೇಗಿದ್ದೀಯಾ?’

‘ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ’ ಅಂದಳು. ದನಿ ಸಣ್ಣಗಿತ್ತು.

‘ದನಿ ಯಾಕೆ ಹೀಗಿದೆ?’

‘ಮಲಗಿದ್ದೆ ಕಣೇ. ಇಡು ಫೋನು, ನಿನ್ನ ಭಾವನಿಗೆ ಊಟ ಹಾಕಬೇಕು.’

ನಾನು ಇಟ್ಟೆ. ಆ ಒಂದು ಫೋನನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಮತ್ತೆ ಮಾಡಿದ್ದೇನೋ ಲೆಕ್ಕವಿಲ್ಲ. ಒಂದೊಂದು ಸಲವೂ ಇಡದೆ ಮಾತು ಮುಂದುವರಿಸುತ್ತೇನೆ. ನಿಜ ಬಾಯಿ ಬಿಡಿಸುತ್ತೇನೆ. ಆದದ್ದು ಮಾತ್ರ ಇಷ್ಟೇ, ಇಡು ಅಂದಳು, ಇಟ್ಟೆ.

ಗುರುವಾರ ಆರಕ್ಕೆಲ್ಲ ನಾನು ನಲ್ಲಿಯ ಹತ್ತಿರ ಇದ್ದೆ. ಸಾಲು ಚಿಕ್ಕದಾಗಿತ್ತು. ಮೊದಲು ನಿಂತಿದ್ದವಳು ಟೈಲರಮ್ಮ, ಅಕ್ಕನ ಪಕ್ಕದ ಮನೆಯವಳು. ಅಕ್ಕ ಇರಲಿಲ್ಲ. ಇಷ್ಟು ವರ್ಷಕ್ಕೆ ಒಂದು ದಿನ ನಿದ್ದೆ ಹೆಚ್ಚಾಗಿರಬೇಕು, ಆಮೇಲೆ ಹೋಗಿ ರೇಗಿಸಬೇಕು ಅಂದುಕೊಂಡೆ. ನಲ್ಲಿ ಸುಟ್ಟೆ. ಆರೂವರೆಗೆ ಅದು ಮೊದಲು ಗಾಳಿ ಬಿಟ್ಟಿತು, ಕೆಮ್ಮಿತು, ಒಂದು ಕ್ಷಣ ಕೆಂಪಗೆ ಬಂದು ತಿಳಿಯಾಯಿತು. ಟೈಲರಮ್ಮ ಕೊಡ ಇಟ್ಟಳು. ನಾನು ಗಡಿಯಾರ ನೋಡತೊಡಗಿದೆ.

‘ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ’ ಎಂದಳು ಟೈಲರಮ್ಮ. ‘ನೀವು ಬಿಟ್ಟುಬಿಡ್ತೀರಲ್ಲ ಈ ನೀರು, ಇದನ್ನ ಯಾವತ್ತಾದ್ರೂ ನೋಡಿದ್ದೀರಾ? ನಾವು ಕುಡಿಯೋದು ಇದನ್ನೇ ಅಲ್ವಾ?’

ನನಗೆ ಉರಿದುಹೋಯಿತು. ಸೂಜಿಗೆ ದಾರ ಪೋಣಿಸುವವಳು ನನಗೆ ಪಾಠ ಹೇಳಲು ಬಂದಳು ಅಂದುಕೊಂಡೆ. ಅವಳ ಬಾಯಿ ಮುಚ್ಚಿಸಬೇಕು ಎಂಬ ಒಂದೇ ಕಾರಣಕ್ಕೆ ಗಾಜಿನ ನಳಿಗೆ ತೆಗೆದು ಬೀಳುತ್ತಿದ್ದ ನೀರಿಗೆ ಒಡ್ಡಿದೆ. ಔಷಧಿ ಬಿಟ್ಟು ಅಲ್ಲಾಡಿಸಿ ಅವಳ ಮುಖದ ಮುಂದೆ ಹಿಡಿದೆ. ‘ನೋಡಿ, ಈಗ ಹಳದಿ ಬರುತ್ತೆ.’

ಬರಲಿಲ್ಲ.

ಮತ್ತೊಂದು ಹನಿ ಬಿಟ್ಟೆ. ನೀರು ಬೆಳ್ಳಗೆ ನನ್ನನ್ನೇ ನೋಡುತ್ತ ನಿಂತಿತ್ತು. ಔಷಧಿ ಹಳೆಯದಾಯಿತೇನೋ ಎಂದು ಸೀಸೆಯ ಚೀಟಿ ಓದಿದೆ. ಹೊಸದೇ. ಸುಟ್ಟು ಶುದ್ಧಮಾಡಿದ ಸೀಸೆಯೊಂದನ್ನು ತೆಗೆದು, ಜೀವನದಲ್ಲಿ ಮೊದಲ ಸಲ, ಮೂರು ನಿಮಿಷ ಆಗುವ ಮೊದಲೇ ನೀರು ಹಿಡಿದೆ. ಮೂರು ನಿಮಿಷ ಕಳೆದ ಮೇಲೆ ಇನ್ನೊಂದು ನಳಿಗೆ ಹಿಡಿದೆ. ಅದು ಚೆನ್ನಾಗಿ ಹಳದಿಯಾಯಿತು.

ಎಲ್ಲ ಗೊತ್ತಾಗಿಹೋಯಿತು. ನಿಯಮ ಬರೆದವರ ಊರಿನಲ್ಲಿ ಪೈಪು ಹಗಲೂ ರಾತ್ರಿ ತುಂಬಿರುತ್ತದೆ. ನಮ್ಮಲ್ಲಿ ನೀರು ನಿಂತ ಮೇಲೆ ಎರಡು ದಿನ ಪೈಪು ಖಾಲಿ. ರಸ್ತೆ ಅಗೆದಾಗ ಅದು ಎಲ್ಲೋ ಬಿರುಕು ಬಿಟ್ಟಿದೆ, ಖಾಲಿ ಪೈಪು ಪಕ್ಕದ ಚರಂಡಿಯನ್ನು ಒಳಗೆ ಎಳೆದುಕೊಂಡು ಕೂತಿದೆ. ನೀರು ಬಿಟ್ಟ ಕೂಡಲೇ ಆ ಹೊಲಸೆಲ್ಲ ಮುಂದೆ ಬರುತ್ತದೆ, ಮೂರು ನಿಮಿಷಕ್ಕೆ ಪೈಪು ತೊಳೆದು ಸ್ವಚ್ಛ. ಸ್ವಚ್ಛವಾದದ್ದು ನನ್ನ ಸೀಸೆಗೆ. ತೊಳೆದದ್ದು ಅಕ್ಕನ ಕೊಡಕ್ಕೆ. ನಾನೇ ನಿಂತು, ಗಡಿಯಾರ ನೋಡಿಕೊಂಡು, ನನ್ನ ಕೈಯಾರೆ ತುಂಬಿಸಿಕೊಟ್ಟಿದ್ದೆ.

‘ಕುಡೀಬೇಡಿ! ಯಾರೂ ಕುಡೀಬೇಡಿ, ಚೆಲ್ಲಿಬಿಡಿ’ ಎಂದು ಕಿರುಚಿದೆ.

ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ಮೊನ್ನೆ ತಾನೇ ಒಳ್ಳೇದು ಅಂದ್ರಿ?’ ಎಂದರು ಯಾರೋ. ಟೈಲರಮ್ಮ ಮಾತ್ರ ತನ್ನ ಕೊಡ ಬಗ್ಗಿಸಿ ಚೆಲ್ಲಿದಳು. ಚೆಲ್ಲಿ ನನ್ನ ಕಡೆ ತಿರುಗಿ, ‘ನಿಮ್ಮಕ್ಕ ನಿನ್ನೆ ಮಧ್ಯಾಹ್ನದಿಂದ ಹೊರಗೇ ಬಂದಿಲ್ಲ. ಬಾಗಿಲು ತಟ್ಟಿದ್ರೆ ಒಳಗಿಂದಾನೇ ಚೆನ್ನಾಗಿದ್ದೀನಿ ಅಂದ್ರು’ ಎಂದಳು.

ನಾನು ಓಡಿದೆ.

ಬಾಗಿಲು ತೆಗೆದವರು ಭಾವ. ಅವರ ಮುಖ ನೋಡಿದ ಮೇಲೆ ಏನೂ ಕೇಳಬೇಕಾಗಿರಲಿಲ್ಲ. ಒಳಕೋಣೆಯಲ್ಲಿ ಅಕ್ಕ ನೆಲದ ಮೇಲೆ ಮಲಗಿದ್ದಳು, ಹಾಸಿಗೆ ಹಾಳಾಗುತ್ತದೆಂದು ತಾನೇ ಕೆಳಗೆ ಇಳಿದಿದ್ದಳಂತೆ. ಎರಡು ದಿನದ ಹಿಂದೆ ಕೊಡ ಎತ್ತಿ ಸೊಂಟಕ್ಕಿಟ್ಟವಳು ಇವಳೇ ಎಂದು ಹೇಳುವ ಹಾಗಿರಲಿಲ್ಲ. ಕಣ್ಣು ಗುಳಿಬಿದ್ದು ಒಳಗೆಲ್ಲೋ ಹೋಗಿದ್ದವು. ಕೆನ್ನೆ ಅಂಟಿಕೊಂಡಿತ್ತು. ಬೆರಳ ತುದಿಗಳು ಇಡೀ ದಿನ ಬಟ್ಟೆ ಒಗೆದವಳ ಬೆರಳಿನಂತೆ ಸುಕ್ಕುಗಟ್ಟಿದ್ದವು. ಬಕೆಟ್ಟಿನಲ್ಲಿ ಇದ್ದದ್ದು ಅಕ್ಕಚ್ಚಿನಂಥ ಬಿಳಿ ನೀರು, ಬೇರೇನೂ ಇಲ್ಲ. ಕಾಲರಾ ರೋಗದ ಈ ಚಿತ್ರ ನಮ್ಮ ಲ್ಯಾಬಿನ ಗೋಡೆಯ ಮೇಲೇ ಇದೆ. ಅದರ ಕೆಳಗೆ ಕೂತು ನಾನು ಇಪ್ಪತ್ತೆರಡು ವರ್ಷ ಬುತ್ತಿ ಬಿಚ್ಚಿ ಉಂಡಿದ್ದೇನೆ.

‘ಇದೇನಕ್ಕ ಇದು’ ಎಂದು ಅವಳ ಪಕ್ಕ ಕುಕ್ಕರಿಸಿದೆ.

‘ಹಳಸಿದ್ದು ತಿಂದೆ ಕಣೇ’ ಅಂದಳು. ದನಿಯೇ ಇರಲಿಲ್ಲ, ಬರೀ ಉಸಿರು. ‘ಸರಿಹೋಗುತ್ತೆ. ನೀನ್ಯಾಕೆ ಕೆಲಸ ಬಿಟ್ಟು ಬಂದೆ?’

ಅಷ್ಟರಲ್ಲಿ ಅವಳ ಮೀನಖಂಡ ಹಿಡಿದುಕೊಂಡಿತು. ಕಾಲು ಮಡಚಿ ಹಲ್ಲು ಕಚ್ಚಿದಳು, ಕೂಗಲಿಲ್ಲ. ನಾನು ಉಜ್ಜಿದೆ. ಉಜ್ಜುವುದರಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ಆಂಬುಲೆನ್ಸಿಗೆ ಫೋನ್ ಮಾಡಿದರೆ ಎಲ್ಲವೂ ಹೊರಗೆ ಹೋಗಿವೆ ಎಂದರು. ಟೈಲರಮ್ಮ ಎಲ್ಲಿಂದಲೋ ಬ್ರೆಡ್ ಮಾರುವವನ ವ್ಯಾನು ಹಿಡಿದು ತಂದಳು. ಖಾಲಿ ತಟ್ಟೆಗಳ ನಡುವೆ ಅಕ್ಕನನ್ನು ಮಲಗಿಸಿದೆವು. ಐಸ್ ಪೆಟ್ಟಿಗೆಯನ್ನು ಟೈಲರಮ್ಮನ ಕೈಗೆ ಕೊಟ್ಟು, ಲ್ಯಾಬಿನಲ್ಲಿರುವ ಕನ್ನಡಕದವಳಿಗೇ ಕೊಡು, ಬೇರೆ ಯಾರಿಗೂ ಬೇಡ ಎಂದೆ. ಎರಡೂವರೆ ನಿಮಿಷಕ್ಕೆ ಸೀಸೆ ಹಿಡಿದು ನನ್ನಿಂದ ಬೈಸಿಕೊಂಡಿದ್ದಳಲ್ಲ, ಅವಳೇ ಕನ್ನಡಕದವಳು. ಈಗ ಬೆಚ್ಚನೆ ಪೆಟ್ಟಿಗೆಯ ಉಸ್ತುವಾರಿ ಅವಳದು.

ವ್ಯಾನಿನಿಂದಲೇ ಇಂಜಿನಿಯರಿಗೆ ಫೋನ್ ಮಾಡಿದೆ. ‘ಸಾರ್, ಆ ಲೈನ್ ಮುಚ್ಚಿಸಿ. ಮೊದಲ ನೀರಲ್ಲಿ ಕ್ಲೋರಿನ್ನೇ ಇಲ್ಲ. ಪೈಪಿಗೆ ಚರಂಡಿ ಸೇರಿದೆ.’

‘ಮೊದಲ ನೀರು ಅಂದ್ರೆ?’

‘ಮೂರು ನಿಮಿಷಕ್ಕೆ ಮುಂಚಿಂದು.’

‘ಅದು ನಿಯಮದ ಪ್ರಕಾರ ಹಿಡಿದಿದ್ದಲ್ಲ ಅಲ್ವಾ? ಮೂರು ನಿಮಿಷದ್ದು ಏನಾಯ್ತು?’

‘ಅದು ಹಳದಿ ಬಂತು.’

‘ಮತ್ತೆ?’

‘ಸಾರ್, ಜನ ಕುಡಿಯೋದು ಮೊದಲನೇದನ್ನ!’

‘ಕಿರುಚಬೇಡಿ. ನನ್ನ ಕಷ್ಟಾನೂ ನೋಡಿ. ಆ ಲೈನಲ್ಲಿ ಎರಡು ಸಾವಿರ ಮನೆ. ಮುಚ್ಚಿದ್ರೆ ಜನ ಹೊಂಡದ ನೀರಿಗೆ ಹೋಗ್ತಾರೆ, ಅದು ಇನ್ನೂ ಕೆಟ್ಟದ್ದು. ಟ್ಯಾಂಕರ್ ತರಿಸಬೇಕು ಅಂದ್ರೆ ಮೇಲಿನವರಿಗೆ ಕಾಗದ ತೋರಿಸಬೇಕು. ನನ್ನ ಹತ್ರ ಇರೋದು ನಿಮ್ಮ ಸಹಿ ಇರೋ ಕಾಗದ, ಕುಡಿಯಲು ಯೋಗ್ಯ ಅಂತ. ಸೀಸೆ ಕಪ್ಪಾಗಲಿ, ಆ ಗಳಿಗೇಲೇ ಮುಚ್ಚಿಸ್ತೀನಿ.’

ಅವರು ಕೆಟ್ಟವರಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ, ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದೆ. ಸೀಸೆ ಕಪ್ಪಾಗಲು ಒಂದು ದಿನ ಬೇಕು. ಬ್ಯಾಕ್ಟೀರಿಯಾ ತನ್ನ ಪಾಡಿಗೆ ತಾನು ಬೆಳೆಯಬೇಕು, ಅದನ್ನು ಬೈದು ಬೇಗ ಬೆಳೆಸಲು ಬರುವುದಿಲ್ಲ. ಅಕ್ಕನ ಮೈಯಿಂದ ಮಾತ್ರ ಗಂಟೆಗೊಂದು ಲೀಟರಿನಂತೆ ನೀರು ಹೋಗುತ್ತಲೇ ಇತ್ತು.

ಆಸ್ಪತ್ರೆಯ ವರಾಂಡದಲ್ಲೂ ಮಂಚ ಹಾಕಿದ್ದರು. ಒಂದು ಮಂಚ ಸಿಕ್ಕಿತು. ಡಾಕ್ಟರು ಚಿಕ್ಕ ವಯಸ್ಸಿನವಳು, ಎಷ್ಟು ಹೊತ್ತಿನಿಂದ ನಿಂತೇ ಇದ್ದಳೋ, ಮಂಚದ ಸರಳು ಹಿಡಿದುಕೊಂಡೇ ಮಾತಾಡಿದಳು. ಅಕ್ಕನ ಕೈಯ ಚರ್ಮವನ್ನು ಚಿವುಟಿ ಎತ್ತಿ ಬಿಟ್ಟಳು. ಅದು ಇಳಿಯಲಿಲ್ಲ, ಎತ್ತಿದ ಹಾಗೇ ನಿಂತಿತು.

‘ಯಾವಾಗಿಂದ? ಎಷ್ಟು ಸಲ ಆಗಿದೆ?’

ನಾನು ಭಾವನ ಮುಖ ನೋಡಿದೆ. ಅವರು ಜೇಬಿನಿಂದ ರಿಪೇರಿ ಚೀಟಿಯೊಂದನ್ನು ತೆಗೆದು ಡಾಕ್ಟರ ಕೈಗಿಟ್ಟರು. ಅದರ ಬೆನ್ನಿಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿದ್ದರು. ಬುಧವಾರ ಮೂರು ಹತ್ತು. ಮೂರು ಮೂವತ್ತೈದು. ನಾಲ್ಕು ಎರಡು. ಹೀಗೆ ಇಪ್ಪತ್ತಾರು ಸಲ, ನಿಮಿಷ ತಪ್ಪದೆ. ನಾನು ಸಂಜೆ ಫೋನ್ ಮಾಡುವ ಹೊತ್ತಿಗೆ ಒಂಬತ್ತಾಗಿತ್ತು.

‘ಇಷ್ಟು ಬರೆದಿದ್ದೀರಿ, ಕರ್ಕೊಂಡು ಬರೋಕೇನಾಗಿತ್ತು?’ ಎಂದಳು ಡಾಕ್ಟರು.

‘ಏನು ತಿಂದ್ರಿ? ಯಾವ ನೀರು ಕುಡಿದ್ರಿ?’ ಎಂದು ಡಾಕ್ಟರು ಅಕ್ಕನನ್ನೇ ಕೇಳಿದಳು.

‘ಹಳಸಿದ್ದು ತಿಂದೆ’ ಎಂದಳು ಅಕ್ಕ. ‘ನೀರು ಒಳ್ಳೇದೇ. ನನ್ನ ತಂಗೀನೇ ನೋಡೋದು.’

‘ನೀರೇ ಡಾಕ್ಟ್ರೇ. ನೀರೇ ಕಾರಣ. ನೋಡಿದ್ದು ನಾನೇ, ತಪ್ಪೂ ನನ್ನದೇ’ ಎಂದೆ.

ಅಕ್ಕ ನನ್ನ ಕಡೆ ಕಣ್ಣು ತಿರುಗಿಸಿದಳು. ಚಿಕ್ಕವಳಿದ್ದಾಗ ಬಂದವರೆದುರು ಮನೆಯ ಮಾತು ಆಡಿದರೆ ಹೀಗೇ ನೋಡುತ್ತಿದ್ದಳು. ‘ಅವಳಿಗೆ ಗಾಬರಿ’ ಎಂದಳು ಡಾಕ್ಟರಿಗೆ. ‘ಏನೇನೋ ಅಂತಾಳೆ.’

ಸೂಜಿ ಚುಚ್ಚಲು ನರ ಸಿಗಲಿಲ್ಲ. ಮೈಯಲ್ಲಿ ನೀರೇ ಇಲ್ಲದ ಮೇಲೆ ನರ ಎಲ್ಲಿ ಉಬ್ಬಬೇಕು? ನರ್ಸು ಬಲಗೈಯಲ್ಲಿ ಎರಡು ಕಡೆ ಚುಚ್ಚಿ ನೋಡಿದಳು, ಎಡಗೈಯಲ್ಲಿ ಮೂರು ಕಡೆ, ಪಾದದಲ್ಲಿ ಒಂದು ಕಡೆ. ಕೊನೆಗೆ ಡಾಕ್ಟರೇ ಬಂದು ಕುತ್ತಿಗೆಯಲ್ಲಿ ಹಾಕಿದಳು. ಅಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು. ಬಾಟಲಿಯ ನೀರು ಇಳಿಯತೊಡಗಿತು, ನಾಡಿ ಸಿಕ್ಕಿತು. ಉಪ್ಪು ಸಕ್ಕರೆಯ ಪುಡಿ ಕಲಸಿದ ನೀರನ್ನು ಚಮಚದಲ್ಲಿ ಕುಡಿಸುತ್ತಲೇ ಇರಿ ಎಂದು ನನ್ನ ಕೈಗೆ ಲೋಟ ಕೊಟ್ಟರು. ಅಕ್ಕ ಬಾಯಿ ತೆರೆಯಲಿಲ್ಲ.

‘ಬೇಡ. ಕುಡಿದಷ್ಟೂ ಹೋಗುತ್ತೆ.’

‘ಹೋದ್ರೆ ಹೋಗಲಿ ಅಕ್ಕ. ಹೋಗಿದ್ದಕ್ಕಿಂತ ಹೆಚ್ಚು ಒಳಗೆ ಹೋಗಬೇಕು. ಬೇಡ ಅಂತ ಬಿಟ್ಟಿದ್ದಕ್ಕೇ ಇಷ್ಟಾಗಿರೋದು.’

ತಲೆ ಆ ಕಡೆ ತಿರುಗಿಸಿದಳು. ನಾನು ಬೇಡಿದೆ, ಗದರಿಸಿದೆ, ಅತ್ತೆ. ನನ್ನನ್ನು ಮೂಗು ಹಿಡಿದು ಔಷಧಿ ಕುಡಿಸಿ ಬೆಳೆಸಿದವಳ ಬಾಯಿಗೆ ಒಂದು ಚಮಚ ನೀರು ಹಾಕಲು ನನ್ನಿಂದ ಆಗಲಿಲ್ಲ.

ಮಧ್ಯಾಹ್ನ ಅವಳ ಕಣ್ಣು ಹತ್ತಿದಾಗ ಭಾವ ವರಾಂಡದ ಕಟ್ಟೆಯ ಮೇಲೆ ನನ್ನ ಪಕ್ಕ ಕೂತರು. ತಾವಾಗಿಯೇ ಮಾತು ತೆಗೆಯುವವರಲ್ಲ. ತೆಗೆದರು.

‘ನಿನಗೆ ಫೋನ್ ಮಾಡ್ತೀನಿ ಅಂದೆ. ಕೈ ಹಿಡ್ಕೊಂಡ್ಲು. ಬೀದೀಲಿ ಮೂರು ಜನ ಮಲಗಿದ್ದಾರೆ, ಈಗ ನಾನೂ ಮಲಗಿದೆ ಅಂತ ಗೊತ್ತಾದ್ರೆ ಎಲ್ಲಾ ನನ್ನ ತಂಗೀನೇ ಬೈತಾರೆ. ಅವಳ ನೀರು ಕುಡಿದು ಅವಳ ಅಕ್ಕನೇ ಬಿದ್ಲು ಅಂತಾರೆ. ಅವಳ ಹೆಸರು ಹಾಳಾಗುತ್ತೆ, ಒಂದು ದಿನ ತಡೀರಿ, ಎದ್ದುಬಿಡ್ತೀನಿ ಅಂದ್ಲು. ನನಗೆ ಬೇರೇನೂ ತೋಚಲಿಲ್ಲ. ಹೊತ್ತು ಬರೆಯುತ್ತಾ ಕೂತೆ.’

ನಾನು ಅವರ ಕೈ ಹಿಡಿದುಕೊಂಡೆ. ನನಗೂ ಬೇರೇನೂ ತೋಚಲಿಲ್ಲ. ಅವಳನ್ನು ಕೊಲ್ಲುತ್ತಿದ್ದದ್ದು ನೀರೊಂದೇ ಅಲ್ಲ, ನನ್ನ ಹೆಸರೂ ಹೌದು. ಇದನ್ನು ಯಾವ ಸೀಸೆಯಲ್ಲಿ ಹಿಡಿದು ಯಾರಿಗೆ ತೋರಿಸಲಿ?

ಶುಕ್ರವಾರ ಬೆಳಿಗ್ಗೆ ಭೇದಿ ನಿಂತಿತ್ತು. ನಾನು ಪೆದ್ದಿಯಂತೆ ಹಿಗ್ಗಿದೆ. ಡಾಕ್ಟರು ಹಿಗ್ಗಲಿಲ್ಲ. ಮಂಚದ ಕೆಳಗಿನ ಖಾಲಿ ಚೀಲ ತೋರಿಸಿ, ‘ನಿನ್ನೆಯಿಂದ ಒಂದು ತೊಟ್ಟು ಮೂತ್ರ ಬಂದಿಲ್ಲ. ಮೈ ಒಣಗಿ ಕಿಡ್ನಿ ನಿಂತಿದೆ. ಮೊನ್ನೆ ಸಂಜೆ ಬಂದಿದ್ರೆ...’ ಎಂದು ಅರ್ಧಕ್ಕೆ ನಿಲ್ಲಿಸಿದಳು. ಕಿಡ್ನಿಯ ಕೆಲಸ ಮಾಡುವ ಯಂತ್ರ ಒಂದೇ ಇದೆ, ಅದರ ಮುಂದೆ ಐದು ಜನ ಕಾಯುತ್ತಿದ್ದಾರೆ, ಇವರ ಹೃದಯ ಅದನ್ನು ತಡೆಯುತ್ತದೋ ಇಲ್ಲವೋ ಎಂದಳು. ಏನಾದರೂ ಮಾಡಿ ಎಂದೆ. ಮಾಡ್ತಾ ಇದ್ದೀವಿ ಎಂದಳು.

ಏಳು ಗಂಟೆಗೆ ಕನ್ನಡಕದವಳ ಫೋನು ಬಂತು.

‘ಮೇಡಂ, ಕಪ್ಪಾಗಿದೆ’ ಎಂದಳು. ‘ಇಂಜಿನಿಯರಿಗೆ ಹೇಳಿದೆ. ಮುಚ್ಚಿಸ್ತಿದ್ದಾರೆ. ಆದ್ರೆ...’

‘ಆದ್ರೆ ಏನು?’

‘ಅದೇ ಲೈನಿನ ಹಿಂದಿನ ಬೀದಿಗೆ ಇವತ್ತು ಆರೂವರೆಗೇ ಬಿಟ್ಟಾಗಿತ್ತು ಮೇಡಂ.’

ಫೋನ್ ಇಳಿಸಿದೆ. ಅಕ್ಕ ಕಣ್ಣು ಬಿಟ್ಟಿದ್ದಳು. ಉಸಿರು ಆಳವಾಗಿ, ಜೋರಾಗಿ ಬರುತ್ತಿತ್ತು, ಬೆಟ್ಟ ಹತ್ತಿ ಬಂದವಳ ಹಾಗೆ.

‘ಯಾರೇ?’ ಎಂದಳು.

‘ಲ್ಯಾಬಿಂದ.’

‘ಏನಂತೆ? ನೀರು...’ ಉಸಿರಿಗೆ ನಿಂತಳು. ‘ನೀರು ಸರಿ ಇದೆಯಂತಾ?’

ಪಕ್ಕದ ಮಂಚದಲ್ಲಿ ಅದೇ ಬೀದಿಯ ಒಬ್ಬಳು ಮಲಗಿದ್ದಳು. ಭಾವ ನನ್ನನ್ನೇ ನೋಡುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ನಾನು ತಿಳಿಯದೆ ಎಷ್ಟು ಸುಳ್ಳು ವರದಿ ಬರೆದಿದ್ದೇನೋ ದೇವರೇ ಬಲ್ಲ. ತಿಳಿದೂ ತಿಳಿದೂ ಕೊಟ್ಟದ್ದು ಒಂದೇ.

‘ಸರಿ ಇದೆ ಅಕ್ಕ’ ಎಂದೆ. ‘ಚೆನ್ನಾಗಿದೆಯಂತೆ.’

ಅವಳ ಮುಖ ಸಡಿಲಾಯಿತು. ಪಕ್ಕದ ಮಂಚದ ಕಡೆ ತಿರುಗಲು ನೋಡಿದಳು, ಆಗಲಿಲ್ಲ. ‘ನಾನು ಹೇಳಲಿಲ್ವಾ’ ಎಂದಳು, ಯಾರಿಗೆ ಎಂದಿಲ್ಲದೆ. ಆಮೇಲೆ ನನಗೆ, ‘ಹಾಗಾದ್ರೆ ಕೊಡು. ಬಾಯಿ ಒಣಗಿದೆ.’

ನಾನು ಲೋಟ ತೆಗೆದುಕೊಂಡೆ. ನಿನ್ನೆಯಿಡೀ ಬಿಗಿದುಕೊಂಡಿದ್ದ ಬಾಯಿಯನ್ನು ಅವಳು ತಾನಾಗಿ ತೆರೆದಳು. ಒಂದು ಚಮಚ ಹಾಕಿದೆ, ನುಂಗಿದಳು. ಎರಡನೆಯದನ್ನೂ ನುಂಗಿದಳು. ಮೂರನೆಯದು ತುಟಿಯ ಅಂಚಿನಿಂದ ಇಳಿದು ದಿಂಬಿಗೆ ಹೋಯಿತು. ಭಾವ ಕೈಗಡಿಯಾರ ನೋಡಿದರು, ಜೇಬಿಗೆ ಕೈ ಹಾಕಿದರು, ಏನೂ ಬರೆಯದೆ ಕೈ ಹೊರಗೆ ತೆಗೆದರು. ನಾನು ನಾಲ್ಕನೆಯ ಚಮಚ ತುಂಬಿಕೊಂಡು ಅವಳ ಬಾಯಿಯ ಹತ್ತಿರ ಹಿಡಿದೇ ಇದ್ದೆ, ನರ್ಸು ಬಂದು ನನ್ನ ಕೈ ಹಿಡಿದು ಕೆಳಗಿಳಿಸುವವರೆಗೆ.